ಸೋಲಿನ ಲೆಕ್ಕ ಮತ್ತು ನಡತೆಯ ಲೆಕ್ಕ

2007ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ನಡೆದ ವಿಶ್ವಕಪ್ ಕ್ರಿಕೆಟ್ ಪಂದ್ಯಾವಳಿಯಿಂದ ಭಾರತ ತಂಡವು ಮೊದಲ ಸುತ್ತಿನಲ್ಲಿಯೇ ಹೊರಬಿದ್ದಿತು. ಮಾರ್ಚ್ 17ರಂದು ಬಾಂಗ್ಲಾದೇಶದೆದುರು ಐದು ವಿಕೆಟ್‌ಗಳ ಸೋಲು; 23ರಂದು ಶ್ರೀಲಂಕಾದೆದುರು 69 ರನ್‌ಗಳ ಸೋಲು. ತಂಡದ ನಾಯಕರು ಬೆಂಗಳೂರಿನ ರಾಹುಲ್ ದ್ರಾವಿಡ್. ಅದೇ ನಗರದ ಅನಿಲ್ ಕುಂಬ್ಳೆಯವರೂ ತಂಡದಲ್ಲಿದ್ದರು. ಸೋಲಿನ ಸುದ್ದಿ ಬಂದೊಡನೆ ದೇಶದ ಹಲವೆಡೆ ಆಟಗಾರರ ಪ್ರತಿಕೃತಿಗಳನ್ನು ಸುಟ್ಟರು. ರಾಂಚಿಯಲ್ಲಿ ಕಟ್ಟುತ್ತಿದ್ದ ಮಹೇಂದ್ರಸಿಂಗ್ ಧೋನಿಯವರ ಮನೆಯ ಮೇಲೆ ದಾಳಿ ನಡೆಯಿತು. ತಂಡವನ್ನು ಬದಲಿಸಬೇಕು, ತರಬೇತುದಾರರನ್ನು ಕಳುಹಿಸಬೇಕು, ಆಟಗಾರರ ಜಾಹೀರಾತಿನ ಸಂಪಾದನೆಗೆ ಕಡಿವಾಣ ಹಾಕಬೇಕು ಎಂಬ ಕೂಗು ಎಲ್ಲೆಡೆ ಕೇಳಿಬಂದಿತು.

ಆ ಕೂಗಿನಲ್ಲಿ ನ್ಯಾಯವೆಷ್ಟು, ಕಷಾಯವೆಷ್ಟು ಎಂಬುದು ಕೇವಲ ಆಟಕ್ಕೆ ಸೇರಿದ ಪ್ರಶ್ನೆಯಲ್ಲ. ಒಬ್ಬರ ಕೈಗೆ ಹೊಣೆಯನ್ನು ಒಪ್ಪಿಸಿದ ಸಮಾಜವು ಅವರಿಂದ ಯಾವ ಲೆಕ್ಕವನ್ನು, ಯಾವ ರೀತಿಯಲ್ಲಿ ಕೇಳಬೇಕು? ಈ ಪ್ರಶ್ನೆ ಕ್ರಿಕೆಟ್ ಮಂಡಳಿಗೆ ಎಷ್ಟು ಸಲ್ಲುತ್ತದೆಯೋ ಬಸದಿಯ ಆಡಳಿತ ಸಮಿತಿಗೂ ಅಷ್ಟೇ ಸಲ್ಲುತ್ತದೆ.

ಮೊದಲು ಕೋಪದ ವಿಷಯವನ್ನು ನೋಡಬಹುದು. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಲ್ಲಿ ಕ್ರೋಧಕ್ಕೆ ಮೊದಲ ಸ್ಥಾನ. ಕ್ರೋಧವು ನ್ಯಾಯದ ವೇಷ ಧರಿಸಿ ಬರುವುದರಿಂದ ಅದನ್ನು ಗುರುತಿಸುವುದು ಕಷ್ಟ. ಆದರೆ ಅದಕ್ಕೊಂದು ಲಕ್ಷಣವಿದೆ: ವಿಚಾರಣೆ ಮುಗಿಯುವುದನ್ನು ಅದು ಕಾಯುವುದಿಲ್ಲ. ಅದೇ ಪಂದ್ಯಾವಳಿಯಲ್ಲಿ ಐರ್ಲೆಂಡಿಗೆ ಸೋತ ಪಾಕಿಸ್ತಾನ ತಂಡದ ತರಬೇತುದಾರ ಬಾಬ್ ವೂಲ್ಮರ್ ಮರುದಿನವೇ, ಮಾರ್ಚ್ 18ರಂದು, ಜಮೈಕಾದಲ್ಲಿ ನಿಧನರಾದರು. ಅದು ಕೊಲೆಯೆಂದು ಅಲ್ಲಿನ ಪೊಲೀಸರು ಸಾರಿದರು. ಆಟಗಾರರು ವಿಚಾರಣೆಗೆ ಒಳಗಾದರು. ಲೋಕದ ಸಂಶಯವೆಲ್ಲ ಅವರ ಮೇಲೆ ಬಿದ್ದಿತು. ಜೂನ್ ತಿಂಗಳಲ್ಲಿ ಅದೇ ಪೊಲೀಸರು ಅದು ಸಹಜ ಮರಣವೆಂದು ಪ್ರಕಟಿಸಿದರು. ಆ ಮೂರು ತಿಂಗಳು ಆ ಆಟಗಾರರು ಹೊತ್ತ ಅಪಕೀರ್ತಿಯನ್ನು ಯಾರು ಹಿಂದಕ್ಕೆ ಪಡೆಯಬಲ್ಲರು? ಕಲ್ಲೆಸೆಯದೆಯೂ ಹಿಂಸೆ ನಡೆಯುತ್ತದೆ ಎಂಬುದಕ್ಕೆ ಬೇರೆ ನಿದರ್ಶನ ಬೇಡ.

ಹಾಗಾದರೆ ಯಾರನ್ನೂ ಏನನ್ನೂ ಕೇಳದೆ ಸುಮ್ಮನಿರುವುದು ಧರ್ಮವೇ? ಇಲ್ಲಿ ಶ್ರಾವಕನಿಗೆ ನಿಜವಾದ ಸಂದೇಹವೊಂದು ಎದುರಾಗುತ್ತದೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೂ ಒಂದು. ಇನ್ನೊಬ್ಬರ ದೋಷವನ್ನು ಬೀದಿಯಲ್ಲಿ ಹರಡದೆ ಮುಚ್ಚುವುದೇ ಅದರ ಅರ್ಥ. ಈ ಮಾತನ್ನು ಮುಂದೊಡ್ಡಿ ಲೆಕ್ಕ ಕೇಳುವವರ ಬಾಯಿ ಮುಚ್ಚಿಸುವುದು ಸಂಸ್ಥೆಗಳಲ್ಲಿ ಹೊಸತಲ್ಲ. ‘ನಮ್ಮವರ ಮಾನ ಹೋಗಬಾರದು’ ಎಂಬ ಒಂದು ಮಾತಿನಿಂದ ಎಷ್ಟೋ ಅಕ್ರಮಗಳು ಉಳಿದುಕೊಂಡಿವೆ.

ಆದರೆ ಈ ಅಂಗಕ್ಕೆ ಪರಂಪರೆಯು ಹೇಳುವ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆಯನ್ನು ಕೊನೆಯವರೆಗೂ ಓದಬೇಕು. ಕಳ್ಳನೊಬ್ಬನು ಕ್ಷುಲ್ಲಕನ ವೇಷದಲ್ಲಿ ಬಂದು, ಶ್ರೇಷ್ಠಿಯ ವಿಶ್ವಾಸವನ್ನು ಗಳಿಸಿ, ಪಾರ್ಶ್ವನಾಥ ಸ್ವಾಮಿಯ ಬಿಂಬದ ಛತ್ರದಲ್ಲಿದ್ದ ರತ್ನವನ್ನು ಕದ್ದು ಓಡಿದನು. ಕಾವಲಿನವರು ಬೆನ್ನಟ್ಟಿದಾಗ ಶ್ರೇಷ್ಠಿಯು, ಅದನ್ನು ತಾನೇ ತರಿಸಿದೆನೆಂದು ಹೇಳಿ ಧರ್ಮಕ್ಕೆ ಬರಲಿದ್ದ ಅಪವಾದವನ್ನು ತಪ್ಪಿಸಿದನು. ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಅವನು ರತ್ನವನ್ನು ಕಳ್ಳನ ಕೈಯಲ್ಲಿ ಬಿಡಲಿಲ್ಲ. ಆ ವೇಷಧಾರಿಯನ್ನು ಏಕಾಂತದಲ್ಲಿ ಖಂಡಿಸಿ ಹೊರಗೆ ಕಳುಹಿಸಿದನು. ಉಪಗೂಹನದ ಬೆನ್ನಿಗೇ ಹೇಳಿರುವ ಅಂಗ ಸ್ಥಿತೀಕರಣ, ಅಂದರೆ ಜಾರಿದವನನ್ನು ಮರಳಿ ದಾರಿಯಲ್ಲಿ ನಿಲ್ಲಿಸುವುದು. ಮುಚ್ಚುವುದು ಅವಮಾನವನ್ನು ತಡೆಯುವುದಕ್ಕಾಗಿಯೇ ಹೊರತು ಲೆಕ್ಕವನ್ನು ತಪ್ಪಿಸುವುದಕ್ಕಾಗಿ ಅಲ್ಲ. ಪ್ರತಿಕೃತಿಯನ್ನು ಸುಡುವವನು ಉಪಗೂಹನವನ್ನು ಮರೆತಿರುತ್ತಾನೆ. ಕಡತವನ್ನು ಮುಚ್ಚಿಡುವವನು ಸ್ಥಿತೀಕರಣವನ್ನು ಮರೆತಿರುತ್ತಾನೆ.

ಇನ್ನು ಕೇಳಬೇಕಾದ ಲೆಕ್ಕ ಯಾವುದು? ಫಲದ ಲೆಕ್ಕವೋ, ನಡತೆಯ ಲೆಕ್ಕವೋ? ಮುಳಬಾಗಿಲು ತಾಲ್ಲೂಕಿನ ಬೈರಕೂರು ಸೀಮೆಯನ್ನೊಳಗೊಂಡ ಕೋಲಾರ ನಾಡಿಗೆ ಈ ಪ್ರಶ್ನೆಯೊಡನೆ ಹಳೆಯ ನಂಟಿದೆ. ಗಂಗರಸರ ಮೊದಲ ರಾಜಧಾನಿ ಕುವಲಾಲ, ಅಂದರೆ ಇಂದಿನ ಕೋಲಾರ. ಆಚಾರ್ಯ ಸಿಂಹನಂದಿಗಳು ದಡಿಗ ಮತ್ತು ಮಾಧವರೆಂಬ ಸೋದರರಿಗೆ ರಾಜ್ಯ ಸ್ಥಾಪಿಸಲು ನೆರವಾದರೆಂದು 12ನೆಯ ಶತಮಾನದ ಶಾಸನಗಳು ನಿರೂಪಿಸುತ್ತವೆ. ಆಚಾರ್ಯರು ರಾಜ್ಯವನ್ನು ಬೇಷರತ್ತಾಗಿ ಕೊಡಲಿಲ್ಲ. ಕೊಟ್ಟ ಮಾತಿಗೆ ತಪ್ಪಿದರೆ, ಪರಸ್ತ್ರೀಯರನ್ನು ಅಪಹರಿಸಿದರೆ, ಮಧು ಮಾಂಸಗಳನ್ನು ಸೇವಿಸಿದರೆ, ಬೇಡಿದವರಿಗೆ ಕೊಡದೆ ಹೋದರೆ, ರಣರಂಗದಿಂದ ಓಡಿದರೆ ಕುಲವು ಉಳಿಯದೆಂದು ಎಚ್ಚರಿಸಿದರು. ಈ ಷರತ್ತುಗಳಲ್ಲಿ ಒಂದು ಅಂಶವು ಗಮನಾರ್ಹವಾಗಿದೆ. ಯುದ್ಧದಲ್ಲಿ ಸೋತರೆ ಎಂಬ ಮಾತು ಅಲ್ಲಿಲ್ಲ. ಓಡಿದರೆ ಎಂಬ ಮಾತಿದೆ. ಸೋಲು ಗೆಲುವುಗಳಲ್ಲಿ ಎದುರಾಳಿಯ ಬಲವಿದೆ, ಕಾಲವಿದೆ, ಕರ್ಮೋದಯವಿದೆ. ನಿಲ್ಲುವುದೋ ಓಡುವುದೋ ಎಂಬುದು ಮಾತ್ರ ಅವರವರ ಪುರುಷಾರ್ಥ. ಲೆಕ್ಕ ಕೇಳಬೇಕಾದದ್ದು ಅದನ್ನು.

ಫಲವನ್ನೇ ಅಳತೆಗೋಲಾಗಿ ಹಿಡಿದರೆ ಏನಾಗುತ್ತದೆ ಎಂಬುದನ್ನು 2007ನೆಯ ಇಸವಿಯೇ ತೋರಿಸಿಕೊಟ್ಟಿತು. ಮಾರ್ಚಿಯಲ್ಲಿ ನಿಂದೆಗೆ ಗುರಿಯಾದ ಅದೇ ದ್ರಾವಿಡರ ನಾಯಕತ್ವದಲ್ಲಿ ತಂಡವು ಆಗಸ್ಟ್ ಮುಗಿಯುವುದರೊಳಗೆ ಇಂಗ್ಲೆಂಡಿನ ನೆಲದಲ್ಲಿ, 1986ರ ನಂತರ ಮೊದಲ ಬಾರಿಗೆ, ಟೆಸ್ಟ್ ಸರಣಿಯನ್ನು ಗೆದ್ದಿತು. ಯಾರ ಮನೆಯ ಮೇಲೆ ದಾಳಿ ನಡೆದಿತ್ತೋ ಅದೇ ಧೋನಿಯವರ ನಾಯಕತ್ವದಲ್ಲಿ ಸೆಪ್ಟೆಂಬರಿನಲ್ಲಿ ಇಪ್ಪತ್ತು ಓವರುಗಳ ವಿಶ್ವಕಪ್ ಭಾರತಕ್ಕೆ ಬಂದಿತು. ಆರು ತಿಂಗಳಲ್ಲಿ ಮನುಷ್ಯರು ಬದಲಾಗಲಿಲ್ಲ, ಫಲ ಬದಲಾಯಿತು. ಅದರೊಡನೆ ತೀರ್ಪೂ ಬದಲಾಯಿತು. ಹೀಗೆ ಬದಲಾಗುವ ತೀರ್ಪಿಗೆ ಸತ್ಯದ ಆಧಾರವಿರಲಾರದು.

ನಡತೆಯ ಲೆಕ್ಕವನ್ನು ಯಾರಿಂದ ಮೊದಲು ಕೇಳಬೇಕು? ಯಾರ ಕೈಯಲ್ಲಿ ಅಧಿಕಾರ ಹೆಚ್ಚೋ ಅವರಿಂದ. 2007ರಲ್ಲಿ ಮಂಡಳಿಯು ಆಟಗಾರರ ಜಾಹೀರಾತುಗಳ ಸಂಖ್ಯೆಗೆ ಮಿತಿ ಹಾಕುವ ನಿರ್ಣಯ ಮಾಡಿತು. ಆದರೆ ಮಂಡಳಿಯ ಲೆಕ್ಕವನ್ನು ಕೇಳುವವರು ಅಂದು ಇರಲಿಲ್ಲ. ಭಾರತೀಯ ಕ್ರಿಕೆಟ್ ಮಂಡಳಿಯು ಕಾನೂನಿನ ದೃಷ್ಟಿಯಲ್ಲಿ ತಮಿಳುನಾಡಿನ ಸಂಘಗಳ ನೋಂದಣಿ ಕಾಯಿದೆಯಡಿ ನೋಂದಾಯಿತವಾದ ಒಂದು ಸಂಘ ಮಾತ್ರ. ಖಾಸಗಿ ಸಂಘಕ್ಕೆ ಸಾರ್ವಜನಿಕರ ಪ್ರಶ್ನೆ ಸಲ್ಲದೆಂಬ ವಾದ ಬಹುಕಾಲ ನಡೆಯಿತು. 2013ರ ಐಪಿಎಲ್ ಹಗರಣದ ನಂತರ, 2015ರ ಜನವರಿಯಲ್ಲಿ, ಸರ್ವೋಚ್ಚ ನ್ಯಾಯಾಲಯವು ಮಂಡಳಿಯು ನಡೆಸುತ್ತಿರುವುದು ಸಾರ್ವಜನಿಕ ಕಾರ್ಯವೆಂದು ಸ್ಪಷ್ಟಪಡಿಸಿತು. ಮಂಡಳಿಯ ಪದಾಧಿಕಾರಿಗಳೇ ತಂಡಗಳ ಒಡೆತನ ಹೊಂದಲು ಆಸ್ಪದವಿತ್ತ ನಿಯಮವನ್ನು ರದ್ದುಗೊಳಿಸಿತು. ಕಾಯುವವನೂ ಲಾಭ ಪಡೆಯುವವನೂ ಒಬ್ಬನೇ ಆಗಬಾರದೆಂಬುದು ಅದರ ತಿರುಳು.

ನ್ಯಾಯಮೂರ್ತಿ ಆರ್. ಎಂ. ಲೋಧಾ ಅವರ ಅಧ್ಯಕ್ಷತೆಯ ಸಮಿತಿಯು 2016ರ ಜನವರಿಯಲ್ಲಿ ವರದಿ ನೀಡಿತು. ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿಯೂ ನ್ಯಾಯಮೂರ್ತಿಗಳಾಗಿದ್ದ ಆರ್. ವಿ. ರವೀಂದ್ರನ್ ಅವರು ಆ ಸಮಿತಿಯ ಸದಸ್ಯರಲ್ಲೊಬ್ಬರು. ಎಪ್ಪತ್ತು ವರ್ಷ ಮೀರಿದವರು ಪದಾಧಿಕಾರಿಗಳಾಗಬಾರದು, ಮಂತ್ರಿಗಳೂ ಸರ್ಕಾರಿ ನೌಕರರೂ ಆ ಸ್ಥಾನದಲ್ಲಿರಬಾರದು, ಒಂದು ಅವಧಿ ಮುಗಿದ ಮೇಲೆ ಬಿಡುವು ಪಡೆಯಬೇಕು, ಸ್ವಹಿತ ಬೆರೆಯದಂತೆ ನೋಡಲು ನೀತಿ ಅಧಿಕಾರಿಯಿರಬೇಕು ಎಂಬ ಸಲಹೆಗಳನ್ನು ನೀಡಿತು. 2016ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಇವುಗಳಲ್ಲಿ ಹೆಚ್ಚಿನವನ್ನು ಒಪ್ಪಿತು. ಮಂಡಳಿಯು ಪಾಲಿಸಲು ಹಿಂದೆಗೆದಾಗ 2017ರ ಜನವರಿಯಲ್ಲಿ ಅಧ್ಯಕ್ಷರನ್ನೂ ಕಾರ್ಯದರ್ಶಿಯನ್ನೂ ಪದಚ್ಯುತಗೊಳಿಸಿತು. ಮುಂದೆ ಮಂಡಳಿಯ ಪ್ರಾರ್ಥನೆಯ ಮೇರೆಗೆ ಬಿಡುವಿನ ನಿಯಮ ಸಡಿಲವಾಗುತ್ತ ಬಂದಿತು. 2022ರ ಸೆಪ್ಟೆಂಬರಿನ ಆದೇಶದಂತೆ ರಾಜ್ಯ ಸಂಸ್ಥೆಯಲ್ಲಿ ಆರು, ಮಂಡಳಿಯಲ್ಲಿ ಆರು, ಹೀಗೆ ಹನ್ನೆರಡು ವರ್ಷ ಸತತವಾಗಿ ಅಧಿಕಾರದಲ್ಲಿರಲು ಅವಕಾಶವಾಯಿತು. ಅನುಭವಿಗಳು ಬೇಕೆಂಬ ವಾದದಲ್ಲಿ ಹುರುಳಿಲ್ಲವೆಂದಲ್ಲ. ಅನೇಕಾಂತ ದೃಷ್ಟಿಯು ಅದನ್ನೂ ಕೇಳುತ್ತದೆ. ಆದರೆ ಹೊರಗಿನಿಂದ ಹೇರಿದ ನಿಯಮವನ್ನು ಒಳಗಿನ ಮನಸ್ಸು ಒಪ್ಪದಿದ್ದರೆ ಅದು ಮೆಲ್ಲಮೆಲ್ಲನೆ ಕರಗುತ್ತದೆ ಎಂಬುದಂತೂ ನಿಜ.

ಕಾನೂನಿಗೂ ಮಿತಿಯಿದೆ. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಪಂದ್ಯಗಳಲ್ಲಿ ಮೋಸದಾಟದ ಆರೋಪದ ಮೇಲೆ ಬೆಂಗಳೂರು ಪೊಲೀಸರು ಹಲವರನ್ನು ಬಂಧಿಸಿದರು. 2022ರ ಜನವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು, ಅಂಥ ಆಟವು ಅಪ್ರಾಮಾಣಿಕತೆಯನ್ನು ತೋರಿಸಬಹುದಾದರೂ ದಂಡಸಂಹಿತೆಯ ವಂಚನೆಯ ವ್ಯಾಖ್ಯೆಯೊಳಗೆ ಬರುವುದಿಲ್ಲವೆಂದು ಹೇಳಿ, ತಮ್ಮೆದುರು ಬಂದ ಅರ್ಜಿದಾರರ ಮೇಲಿನ ಪ್ರಕರಣವನ್ನು ರದ್ದುಗೊಳಿಸಿತು. ಶಿಸ್ತಿನ ಕ್ರಮ ಕೈಗೊಳ್ಳುವುದು ಮಂಡಳಿಯ ಕೆಲಸವೆಂದಿತು. ಆ ವ್ಯಕ್ತಿಗಳ ವಿಷಯ ಅಲ್ಲಿಗೆ ಮುಗಿಯಿತು. ಅವರನ್ನು ಅಪರಾಧಿಗಳೆನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ನ್ಯಾಯಾಲಯವು ಎತ್ತಿ ತೋರಿದ ಅಂತರ ಉಳಿಯಿತು. ಅಪರಾಧವಲ್ಲದ್ದೆಲ್ಲವೂ ನಿರ್ದೋಷವಲ್ಲ. ಆ ಅಂತರವನ್ನು ತುಂಬಬೇಕಾದದ್ದು ಆತ್ಮಸಾಕ್ಷಿ.

ಜೈನ ಪರಿಭಾಷೆಯಲ್ಲಿ ಇದಕ್ಕೆ ಆಲೋಚನೆ ಎಂದು ಹೆಸರು. ಬಳಕೆಯ ಕನ್ನಡದಲ್ಲಿ ಆ ಮಾತಿಗೆ ಯೋಚನೆಯೆಂದಷ್ಟೇ ಅರ್ಥ. ಶಾಸ್ತ್ರದಲ್ಲಿ ಪ್ರಾಯಶ್ಚಿತ್ತದ ಮೊದಲ ಮೆಟ್ಟಿಲು ಅದು: ತನ್ನ ದೋಷವನ್ನು ಗುರುವಿನ ಮುಂದೆ ತಾನೇ ನಿವೇದಿಸುವುದು. ಅದರ ನಂತರದ್ದು ಪ್ರತಿಕ್ರಮಣ. ಆಲೋಚನೆ ಮಾಡುವಾಗ ನುಸುಳುವ ಹತ್ತು ದೋಷಗಳನ್ನೂ ಆಚಾರ್ಯರು ಎಣಿಸಿದ್ದಾರೆ. ಇತರರು ಕಂಡ ತಪ್ಪನ್ನಷ್ಟೇ ಒಪ್ಪಿ ಕಾಣದ್ದನ್ನು ಅಡಗಿಸುವುದು ಒಂದು. ಗದ್ದಲದ ನಡುವೆ, ಗುರುವಿಗೆ ಸರಿಯಾಗಿ ಕೇಳಿಸದಂತೆ ಹೇಳಿ ಮುಗಿಸುವುದು ಮತ್ತೊಂದು. ಸಿಕ್ಕಿಬಿದ್ದ ನಂತರ ಹೊರಡುವ ಪತ್ರಿಕಾ ಹೇಳಿಕೆಗಳಲ್ಲಿ ಈ ಎರಡು ದೋಷಗಳೂ ಒಟ್ಟಿಗೆ ಕಾಣಸಿಗುತ್ತವೆ.

ಯಾರೂ ಕೇಳದಿದ್ದಾಗಲೂ ಕೊಟ್ಟ ಲೆಕ್ಕವೇ ಶ್ರೇಷ್ಠವಾದದ್ದು. 2018ರಲ್ಲಿ ಭಾರತದ ಕಿರಿಯರ ತಂಡವು ವಿಶ್ವಕಪ್ ಗೆದ್ದಾಗ ಮಂಡಳಿಯು ತರಬೇತುದಾರ ದ್ರಾವಿಡರಿಗೆ 50 ಲಕ್ಷ, ಆಟಗಾರರಿಗೆ ತಲಾ 30 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ರೂಪಾಯಿಗಳನ್ನು ಘೋಷಿಸಿತು. ಸಿಬ್ಬಂದಿಯೆಲ್ಲರೂ ಒಂದೇ ಎಂದು ದ್ರಾವಿಡರು ತಾರತಮ್ಯವನ್ನು ಪ್ರಶ್ನಿಸಿದರು. ಕೊನೆಗೆ ಅವರಿಗೂ ಸಿಬ್ಬಂದಿಗೂ ತಲಾ 25 ಲಕ್ಷ ಎಂದು ನಿಶ್ಚಯವಾಯಿತು. 2024ರಲ್ಲಿ, ಹದಿನೇಳು ವರ್ಷಗಳ ಹಿಂದೆ ಅವರು ಸೋತು ಹಿಂದಿರುಗಿದ ಅದೇ ದ್ವೀಪಗಳ ಸೀಮೆಯಲ್ಲಿ, ಅವರ ತರಬೇತಿಯ ಹಿರಿಯರ ತಂಡ ಗೆದ್ದಿತು. ಆಗಲೂ ತಮ್ಮ ಪಾಲಿನ ಐದು ಕೋಟಿಯನ್ನು ಇತರ ತರಬೇತುದಾರರ ಸಮಕ್ಕೆ, ಎರಡೂವರೆ ಕೋಟಿಗೆ, ಇಳಿಸಿಕೊಂಡರೆಂದು ವರದಿಯಾಯಿತು. ಎರಡೂವರೆ ಕೋಟಿ ಸಣ್ಣ ಮೊತ್ತವಲ್ಲ. ಇದು ಅಪರಿಗ್ರಹವಲ್ಲವೆಂದು ಯಾರಾದರೂ ಹೇಳಬಹುದು. ಆದರೆ ಪರಿಗ್ರಹ ಪರಿಮಾಣವೆಂದರೆ ಸಿಗುವುದಕ್ಕೆ ತಾನೇ ಒಂದು ಗೆರೆ ಎಳೆದುಕೊಳ್ಳುವುದು. ಆ ಗೆರೆ ಇಲ್ಲಿ ಕಾಣುತ್ತದೆ.

ಗೆಲುವಿಗೂ ಲೆಕ್ಕವಿದೆ ಎಂಬುದನ್ನು ಕರ್ನಾಟಕವು ಕಹಿಯಾಗಿ ಕಲಿತಿದೆ. 2025ರ ಜೂನ್ 4ರಂದು, ಬೆಂಗಳೂರಿನ ಐಪಿಎಲ್ ತಂಡದ ವಿಜಯೋತ್ಸವದ ದಿನ, ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ನೂಕುನುಗ್ಗಲಿನಲ್ಲಿ ಹನ್ನೊಂದು ಮಂದಿ ಪ್ರಾಣ ಕಳೆದುಕೊಂಡರು. ಕೆಲವೇ ದಿನಗಳಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಕಾರ್ಯದರ್ಶಿಯೂ ಖಜಾಂಚಿಯೂ ನೈತಿಕ ಹೊಣೆ ಹೊತ್ತು ರಾಜೀನಾಮೆ ನೀಡಿದರು. ಯಾರ ತಪ್ಪು ಎಷ್ಟು ಎಂದು ಅಳೆಯುವುದು ನ್ಯಾಯಾಂಗದ ಕೆಲಸ. ಶ್ರಾವಕನು ನೆನೆಯಬೇಕಾದದ್ದು ಬೇರೆ. ಜೈನಾಚಾರ್ಯರು ಹಿಂಸೆಯನ್ನು ವಿವರಿಸುವಾಗ ದ್ವೇಷಕ್ಕಿಂತ ಮೊದಲು ಪ್ರಮಾದವನ್ನು, ಎಚ್ಚರಗೇಡಿತನವನ್ನು, ಹೆಸರಿಸಿದರು. ಆ ದಿನ ಯಾರಿಗೂ ಯಾರ ಮೇಲೂ ದ್ವೇಷವಿರಲಿಲ್ಲ, ಇದ್ದದ್ದು ಸಂತೋಷ. ಆದರೂ ಹನ್ನೊಂದು ಮನೆಗಳ ದೀಪ ಆರಿತು.

ಈ ಮಾತುಗಳನ್ನು ಓದಿ ಕ್ರಿಕೆಟ್ಟಿನವರನ್ನು ಬೈದು ಪುಸ್ತಕ ಮುಚ್ಚುವುದು ಸುಲಭ. ಆದರೆ ಬಸದಿಯ ಆಡಳಿತವೂ ಕಾನೂನಿನ ಕಣ್ಣಿಗೆ ಒಂದು ನೋಂದಾಯಿತ ಸಂಸ್ಥೆಯೇ. ಅಲ್ಲಿಯೂ ಭಕ್ತರ ಕಾಣಿಕೆಯಿದೆ, ಅವಧಿ ಮೀರಿದರೂ ಬಿಡದ ಹಿರಿಯರಿರಬಹುದು, ದುರಸ್ತಿಯ ಗುತ್ತಿಗೆ ಸಮಿತಿಯವರ ಬಂಧುಗಳಿಗೆ ಹೋಗಿರಬಹುದು. ಮಹಾಮಸ್ತಕಾಭಿಷೇಕ, ಪಂಚಕಲ್ಯಾಣಗಳಂಥ ಉತ್ಸವಗಳಲ್ಲಿ ಜನಸಂದಣಿಯಿದೆ, ಇಕ್ಕಟ್ಟಾದ ಬಾಗಿಲುಗಳಿವೆ. ದೇವದ್ರವ್ಯವನ್ನು ಮುಟ್ಟಲು ಅಂಜುವ ಸಮಾಜವು ಅದರ ಲೆಕ್ಕ ಕೇಳಲು ಅಂಜಬಾರದು. ಕೇಳಿದವನನ್ನು ಧರ್ಮದ್ರೋಹಿ ಎನ್ನಲೂ ಬಾರದು; ಕೇಳುವವನು ಬೀದಿಯಲ್ಲಿ ನಿಂತು ಮಾನ ಹರಾಜು ಹಾಕಲೂ ಬಾರದು.

ಪರ್ಯೂಷಣದ ಕೊನೆಯಲ್ಲಿ, ಕ್ಷಮಾವಣಿಯ ದಿನ, ಪ್ರತಿಯೊಬ್ಬರೂ ಪರಸ್ಪರ ಕ್ಷಮೆ ಬೇಡುತ್ತಾರೆ. ಕ್ಷಮೆಯು ವೈರವನ್ನು ಅಳಿಸುತ್ತದೆ, ಬಾಕಿಯನ್ನು ಅಳಿಸುವುದಿಲ್ಲ. ವರ್ಷದ ಜಮಾಖರ್ಚನ್ನೂ, ಆದ ಲೋಪಗಳನ್ನೂ, ಬಂಧುಗಳಿಗೆ ಕೊಟ್ಟ ಗುತ್ತಿಗೆಗಳಿದ್ದರೆ ಅವುಗಳನ್ನೂ ಸಮಿತಿಯವರೇ ಅಂದು ಸಭೆಯ ಮುಂದೆ, ಎಲ್ಲರಿಗೂ ಕೇಳಿಸುವಂತೆ ಓದಿ, ಆಮೇಲೆ ಕೈಮುಗಿಯುವ ಪದ್ಧತಿ ಪ್ರತಿ ಬಸದಿಯಲ್ಲಿಯೂ ನೆಲೆಗೊಳ್ಳಬೇಕು. ಅಂಥ ಸಭೆಯಲ್ಲಿ ಕುಳಿತು ಬೆಳೆದ ಮಕ್ಕಳು ಮುಂದೆ ದೇಶದ ಯಾವ ತಂಡವನ್ನು, ಯಾವ ಮಂಡಳಿಯನ್ನು ಪ್ರಶ್ನಿಸಿದರೂ ಆ ಪ್ರಶ್ನೆಯಲ್ಲಿ ಕಷಾಯವಿರುವುದಿಲ್ಲ, ಬಲವಿರುತ್ತದೆ.