ಪೆನ್ಸಿಲ್ ಗೆರೆ

ನಾನು ಮಂಗಳೂರಿನ ಕಥೊಲಿಕ. 1784ರಲ್ಲಿ ಟಿಪ್ಪು ನಮ್ಮವರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದ ಸಂಗತಿ ಯಾವ ಪುಸ್ತಕದಲ್ಲಿ ಸಿಕ್ಕರೂ ಪೆನ್ಸಿಲ್ ಹಿಡಿದು ಕೂರುತ್ತೇನೆ. ಹೋದವರೆಷ್ಟು, ಸತ್ತವರೆಷ್ಟು, 1799ರ ಮೇಲೆ ಮರಳಿದವರೆಷ್ಟು? ಅಂಚಿನ ತುಂಬ ನನ್ನ ಲೆಕ್ಕ.

ಮೊನ್ನೆ ಗೋವೆಯ ಚರಿತ್ರೆ ಓದಿ ಮುಗಿಸಿದೆ. 1560ರಲ್ಲಿ ಶುರುವಾದ ಇನ್‌ಕ್ವಿಸಿಷನ್, ಅಂದರೆ ಚರ್ಚಿನ ಧರ್ಮವಿಚಾರಣೆಯ ನ್ಯಾಯಾಲಯ, ಕೊನೆಗೂ ಮುಚ್ಚಿದ್ದು 1812ರಲ್ಲಿ. ಅದರ 1736ರ ಆಜ್ಞೆಯ ಪ್ರಕಾರ ಕ್ರೈಸ್ತರು ಮನೆಯಲ್ಲಿ ತುಳಸಿ ಬೆಳೆಸುವಂತಿಲ್ಲ. ಹಿಂದೂಗಳ ಹಾಗೆ ಉಪ್ಪಿಲ್ಲದೆ ಅನ್ನ ಬೇಯಿಸುವಂತೆಯೂ ಇಲ್ಲ! ತೀರ್ಪು ಕೊಟ್ಟವರು ನಮ್ಮದೇ ಪಾದ್ರಿಗಳು. ಆ ಪುಟಗಳಲ್ಲಿ ನನ್ನದೊಂದು ಗೆರೆಯೂ ಇರಲಿಲ್ಲ.

ಬಲಿಪೂಜೆಯಲ್ಲಿ ಎದೆ ಬಡಿದುಕೊಂಡು ಒಪ್ಪಿಕೊಳ್ಳುವುದು ಸ್ವಂತ ಪಾಪವನ್ನು, ನೆರೆಮನೆಯವನದ್ದನ್ನಲ್ಲ. ಚರಿತ್ರೆ ಓದುವಾಗ ಆ ಅಭ್ಯಾಸ ಎಲ್ಲಿ ಹೋಗುತ್ತದೋ!

ಅಜ್ಜಿ ಅನ್ನಕ್ಕೆ ತಪ್ಪದೆ ಉಪ್ಪು ಹಾಕುತ್ತಿದ್ದರು. ಯಾಕೆಂದು ಕೇಳಿದರೆ, "ರುಚಿಗೆ ಮಗಾ" ಅನ್ನುತ್ತಿದ್ದರು.