ಗೇಟಿನಾಚೆಯ ಕ್ಯಾಂಪಸ್

ಸಾವಿರ ಎಕರೆ ದಾಟಿದ ಜ್ಞಾನಭಾರತಿಯ ಹಾಗೆ, ಮೈಸೂರಿನ ಮಾನಸಗಂಗೋತ್ರಿಯ ಹಾಗೆ ಹಬ್ಬಿದ ಆವರಣ ಬೆಂಗಳೂರಿನ ಜೆ.ಪಿ. ನಗರದ ಕಾಲೇಜುಗಳಿಗಿಲ್ಲ. ಇಲ್ಲಿ ಬಹುಪಾಲು ಕಾಲೇಜು ಎಂದರೆ ಒಂದು ಕಟ್ಟಡ, ಒಂದು ಗೇಟು, ಗಾಡಿ ನಿಲ್ಲಿಸುವಷ್ಟು ಜಾಗ. ಪಾಠ ಮುಗಿದ ಮೇಲಿನ ಬದುಕೆಲ್ಲ ಬೀದಿಯಲ್ಲಿ: ಮೂವರು ಹಂಚಿಕೊಂಡ ಪಿಜಿ ಕೋಣೆ, ದರ್ಶಿನಿ, ಜೆರಾಕ್ಸ್ ಅಂಗಡಿ, ಬನಶಂಕರಿ ಕಡೆಯಿಂದ ತುಂಬಿ ಬರುವ ಬಿಎಂಟಿಸಿ ಬಸ್ಸು. ಕೋವಿಡ್ ಕಾಲದಲ್ಲಿ ನಾವು ಗೇಟನ್ನು ಚೆನ್ನಾಗಿ ಕಾದೆವು. ಅದರಾಚೆಗಿನ ಕ್ಯಾಂಪಸ್ಸು ಮಾತ್ರ ಯಾರ ಜವಾಬ್ದಾರಿಯೂ ಆಗಲಿಲ್ಲ.

2020ರ ಮಾರ್ಚ್ 13ರಂದು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಒಂದು ವಾರದ ಮಟ್ಟಿಗೆ ಎಂದು ಹೇಳಿ ಮಾಲು, ಚಿತ್ರಮಂದಿರಗಳ ಜೊತೆ ಕಾಲೇಜುಗಳನ್ನೂ ಮುಚ್ಚಿಸಿದರು. ಆ ಒಂದು ವಾರ ಎಂಟು ತಿಂಗಳಿಗೆ ಹಿಗ್ಗಿತು. ನವೆಂಬರ್ 17ಕ್ಕೆ ಪದವಿ ಕಾಲೇಜುಗಳು ತೆರೆದಾಗ ಒಳಗೆ ಬರಲು ನೆಗೆಟಿವ್ ವರದಿ, ತಂದೆತಾಯಿಯ ಒಪ್ಪಿಗೆ ಪತ್ರ ಎರಡೂ ಬೇಕಿತ್ತು. ಎರಡನೇ ಅಲೆ ಇಳಿದ ಮೇಲೆ, 2021ರ ಜುಲೈ 26ರಂದು ಮತ್ತೆ ತೆರೆದಾಗ, ಕನಿಷ್ಠ ಒಂದು ಡೋಸ್ ಲಸಿಕೆ ಕಡ್ಡಾಯವಾಯಿತು. ಈ ನಿಯಮಗಳಲ್ಲಿ ತಪ್ಪು ಹುಡುಕುವಂಥದ್ದೇನಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಧಾರವಾಡದ ಎಸ್‌ಡಿಎಂ ವೈದ್ಯಕೀಯ ಕಾಲೇಜಿನಲ್ಲಿ ಹೊಸಬರ ಸ್ವಾಗತ ಸಮಾರಂಭವಾದ ಮೇಲೆ 280ಕ್ಕೂ ಹೆಚ್ಚು ಮಂದಿಗೆ ಸೋಂಕು ತಗುಲಿದಾಗ ಬಹುತೇಕರು ಎರಡೂ ಡೋಸ್ ಪಡೆದವರಾಗಿದ್ದರು. ರೋಗ ಹರಡಿತು, ಆದರೆ ಹೆಚ್ಚಿನವರನ್ನು ಅಷ್ಟಾಗಿ ಕಾಡಲಿಲ್ಲ. ಅಲ್ಲಿ ಇನ್ನೊಂದು ಅನುಕೂಲವೂ ಇತ್ತು. ಹಾಸ್ಟೆಲ್ಲುಗಳು ಕಾಲೇಜಿನವೇ, ಆಸ್ಪತ್ರೆಯೂ ಕಾಲೇಜಿನದೇ. ಬಾಗಿಲು ಮುಚ್ಚಿ, ಎಲ್ಲರನ್ನೂ ಪರೀಕ್ಷಿಸಿ, ಅಲ್ಲೇ ನೋಡಿಕೊಳ್ಳಲು ಸಾಧ್ಯವಿತ್ತು.

ಜೆ.ಪಿ. ನಗರದ ಪಿಜಿಯಲ್ಲಿ ರಾಯಚೂರಿನ ಹುಡುಗನಿಗೋ ಚಾಮರಾಜನಗರದ ಹುಡುಗಿಗೋ ಜ್ವರ ಬಂದರೆ ಏನು ಮಾಡಬೇಕು? ಬೇರೆ ಕೋಣೆ ಇಲ್ಲ, ಬಚ್ಚಲು ಎಲ್ಲರಿಗೂ ಒಂದೇ. ಮಾಲೀಕರಿಗೆ ಭಯ, ಜೊತೆಯವರಿಗೆ ಭಯ. ಕಾಲೇಜಿಗೆ ಸುದ್ದಿಯೇ ಇಲ್ಲ. ಕೊನೆಗೆ ಊರಿನ ಬಸ್ಸು ಹತ್ತುವುದೊಂದೇ ದಾರಿ. ಸೋಂಕೂ ಅದೇ ಬಸ್ಸು ಹತ್ತಿ ಮನೆಯ ಅಜ್ಜಿಯವರೆಗೆ ಹೋಗುತ್ತದೆ. ಇದಕ್ಕೆ ಹೋಲಿಸಿ ನೋಡಬೇಕಾದದ್ದು ಪಕ್ಕದ ಬಿಳೇಕಹಳ್ಳಿಯನ್ನು. 2021ರ ಫೆಬ್ರವರಿಯಲ್ಲಿ ಅಲ್ಲಿನ ಒಂದೇ ಅಪಾರ್ಟ್‌ಮೆಂಟಿನಲ್ಲಿ 103 ಮಂದಿಗೆ ಸೋಂಕು ಕಂಡಿತು. ಸಾವಿರಕ್ಕೂ ಹೆಚ್ಚು ನಿವಾಸಿಗಳ ಪರೀಕ್ಷೆ ಕೆಲವೇ ದಿನಗಳಲ್ಲಿ ನಡೆಯಿತು. ಅಂಥ ಕಡೆ ಯಾವ ಮನೆಯಲ್ಲಿ ಯಾರಿದ್ದಾರೆ ಎಂದು ಹೇಳಬಲ್ಲ ನಿವಾಸಿಗಳ ಸಂಘವೊಂದು ಇರುತ್ತದೆ. ಓದಲು ಬಂದ ಮಕ್ಕಳ ಪರವಾಗಿ ಹಾಗೆ ಹೇಳುವವರು ಯಾರು?

ಹಾಗೆ ಹೇಳಬಲ್ಲವರು ಅಧ್ಯಾಪಕರೇ. ಆನ್‌ಲೈನ್ ಪಾಠದಲ್ಲಿ ಮಕ್ಕಳನ್ನು ಹಿಡಿದಿಡಲು ಹೆಣಗಿದ ಅಧ್ಯಾಪಕರ ಬಗ್ಗೆ ನನಗೆ ದೊಡ್ಡ ಗೌರವವಿದೆ. ಕ್ಯಾಮೆರಾ ಮುಚ್ಚಿದ, ಹೆಸರಷ್ಟೇ ಕಾಣುವ ಪರದೆಗೆ ಪಾಠ ಹೇಳುವುದು ಸುಲಭವಲ್ಲ. ಅವರಲ್ಲಿ ಕೆಲವರು ಸಂಜೆ ಕೂತು ಒಬ್ಬೊಬ್ಬರಿಗೂ ಫೋನ್ ಮಾಡಿ, "ಯಾಕಮ್ಮಾ, ಮೂರು ದಿನದಿಂದ ಕ್ಲಾಸಿಗೆ ಬರ್ಲಿಲ್ಲ? ಊಟ ಸರಿಯಾಗಿ ಮಾಡ್ತಿದೀಯಾ?" ಎಂದು ಕೇಳುತ್ತಿದ್ದರು. ಇದು ಬರೀ ಅಕ್ಕರೆಯ ಮಾತಲ್ಲ, ರೋಗ ತಡೆಯುವ ಕೆಲಸವೂ ಹೌದು. ಒಂಟಿಯಾದ ಹುಡುಗ ಜ್ವರವನ್ನು ಮುಚ್ಚಿಡುತ್ತಾನೆ. ತನ್ನನ್ನು ಕೇಳುವವರಿದ್ದಾರೆ ಎಂದು ನಂಬಿದವನು ಮೊದಲ ದಿನವೇ ಹೇಳಿಬಿಡುತ್ತಾನೆ. ಮನಸ್ಸಿನ ನೋವಿನ ವಿಷಯದಲ್ಲೂ ಹೀಗೇ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ, 14416, ಈಗ ಉಚಿತವಾಗಿ ಸಿಗುತ್ತದೆ. ಆದರೂ ಆ ನಂಬರು ಒತ್ತುವ ಧೈರ್ಯವನ್ನು ಪರಿಚಯದ ಒಬ್ಬರೇ ತುಂಬಬೇಕಾಗುತ್ತದೆ.

ಗೇಟಿನಾಚೆಗೂ ಮಕ್ಕಳನ್ನು ಕೇಳುವವರಿರುವಂತೆ ಮಾಡುವುದು ಸಾಂಕ್ರಾಮಿಕ ಇಲ್ಲದ ಈ ದಿನಗಳಲ್ಲೇ ಆಗಬೇಕಾದ ಕೆಲಸ. ಕಾಲೇಜುಗಳು ದಾಖಲಾತಿ ಅರ್ಜಿಯಲ್ಲಿ ಊರಿನ ವಿಳಾಸದ ಕೆಳಗೆ ಪಿಜಿಯ ವಿಳಾಸ, ಅದರ ಮಾಲೀಕರ ಫೋನ್ ನಂಬರು ಬರೆಸಿಕೊಳ್ಳಲಿ. ಇಪ್ಪತ್ತೋ ಮೂವತ್ತೋ ಮಕ್ಕಳನ್ನು ವಿಚಾರಿಸಿಕೊಳ್ಳಲು ಒಬ್ಬ ಅಧ್ಯಾಪಕರು ಎಂಬ ವ್ಯವಸ್ಥೆ ಕಾಗದದಿಂದಾಚೆಗೂ ಇರಲಿ, ಆ ಅಧ್ಯಾಪಕರಿಗೆ ಇದಕ್ಕಾಗಿ ವಾರದಲ್ಲಿ ಒಂದು ಪಿರಿಯಡ್ ಬಿಡುವೂ ಸಿಗಲಿ. ಒಂದೇ ಅಡ್ಡರಸ್ತೆಯ ನಾಲ್ಕೈದು ಪಿಜಿಗಳು ಸೇರಿ, ಕಾಯಿಲೆಯಾದವರಿಗೆಂದು ಬಚ್ಚಲಿರುವ ಒಂದು ಕೋಣೆಯನ್ನು ಗೊತ್ತುಮಾಡಿಟ್ಟರೆ ಅದು ಡೆಂಗಿ ಬಂದಾಗಲೂ ಉಪಯೋಗಕ್ಕೆ ಬರುತ್ತದೆ.

ಪಿಜಿ ನಡೆಸುವವರಲ್ಲಿ ನನ್ನದೊಂದು ವಿನಂತಿ. ಜ್ವರ ಬಂದ ಮಗುವನ್ನು ರಾತ್ರೋರಾತ್ರಿ ಊರಿಗೆ ಕಳಿಸಬೇಡಿ. ಮೊದಲು ಡಾಕ್ಟರಿಗೆ ತೋರಿಸಿ, ಕಾಲೇಜಿಗೆ ಒಂದು ಫೋನ್ ಮಾಡಿ.