ಪಂಚವಟಿಯ ಪರ್ಣಶಾಲೆ

ನವರಾತ್ರಿಯ ಕೊನೆಯ ದಿನಗಳಲ್ಲಿ ಕನ್ನಡಿಗರ ಮನೆಯ ದೇವರ ಕೋಣೆಯು ಒಂದು ಅಪೂರ್ವ ಸಹವಾಸಕ್ಕೆ ಸಾಕ್ಷಿಯಾಗುತ್ತದೆ. ಮೂಲಾ ನಕ್ಷತ್ರದ ದಿನ ಶಾರದೆಯ ಮುಂದೆ ಇರಿಸಿದ ಪುಸ್ತಕಗಳು ಇನ್ನೂ ಅಲ್ಲಿಯೇ ಇರುವಾಗ, ಮಹಾನವಮಿಯಂದು ಕತ್ತಿ, ಕುಡುಗೋಲು, ಸುತ್ತಿಗೆ, ಇಕ್ಕಳ, ತಕ್ಕಡಿ ಮೊದಲಾದವು ಅರಿಸಿನ ಕುಂಕುಮಗಳನ್ನು ಧರಿಸಿ ಅವುಗಳ ಪಕ್ಕದಲ್ಲಿ ಬಂದು ಕೂಡುತ್ತವೆ. ಮಹಾರಾಷ್ಟ್ರದ ಮನೆಗಳಲ್ಲಿಯೂ ದಸರೆಯಂದು ಮಕ್ಕಳು ಪಾಟಿಯ ಮೇಲೆ ಒಂದರ ಅಂಕಿಗಳನ್ನು ಜೋಡಿಸಿ ಸರಸ್ವತಿಯ ಆಕೃತಿಯನ್ನು ಬರೆದು ಪೂಜಿಸುವರು. ಹಿರಿಯರು ತಮ್ಮ ದುಡಿಮೆಯ ಉಪಕರಣಗಳಿಗೆ ಹೂವೇರಿಸುವರು. ವಿದ್ಯೆಗೂ ದುಡಿಮೆಗೂ ಒಂದೇ ಆರತಿ ಸಲ್ಲುವ ಹಬ್ಬವಿದು. ಆದರೆ ವಿಜಯದಶಮಿ ಕಳೆದ ಮರುದಿನವೇ ಪುಸ್ತಕವು ಒಬ್ಬನ ಕೈಗೂ ಸುತ್ತಿಗೆಯು ಮತ್ತೊಬ್ಬನ ಕೈಗೂ ಹೋಗುತ್ತದೆ. ಓದಿದವನು ಆಲೋಚಿಸತಕ್ಕವನು, ದುಡಿಯುವವನು ಹೇಳಿದಂತೆ ಮಾಡತಕ್ಕವನು ಎಂಬ ವಿಭಾಗವನ್ನು ಲೋಕವು ಸಹಜವೆಂದೇ ನಂಬಿಕೊಂಡಿದೆ. ಈ ನಂಬಿಕೆ ಧರ್ಮಕ್ಕೆ ಸಮ್ಮತವಾದುದೇ? ಹಗಲೆಲ್ಲ ದುಡಿದು ದಣಿದವನ ಮನದಲ್ಲಿ ಏಳುವ ಪ್ರಶ್ನೆಗಳಿಗೆ ಸಮಾಜವು ಯಾವ ಸ್ಥಾನವನ್ನು ಕೊಡಬೇಕು?

ಈ ವಿಚಾರವನ್ನು ಚಿಂತಿಸುವುದಕ್ಕೆ ಪಂಚವಟಿ ಉಚಿತವಾದ ಕ್ಷೇತ್ರ. ನಾಸಿಕದಲ್ಲಿ ಗೋದಾವರಿಯ ದಡದ ಮೇಲಿರುವ ಈ ಸ್ಥಳಕ್ಕೆ ಐದು ವಟವೃಕ್ಷಗಳಿಂದ ಹೆಸರು ಬಂದಿತೆಂಬುದು ಸರ್ವವಿದಿತ. ಪಂಚವಟಿ ಎಂದೊಡನೆ ಶೂರ್ಪನಖಿಯ ಪ್ರಸಂಗ, ಮಾಯಾಮೃಗ, ಸೀತಾಪಹರಣಗಳು ನೆನಪಿಗೆ ಬರುತ್ತವೆ. ಆದರೆ ಈ ಎಲ್ಲ ಕೋಲಾಹಲಕ್ಕೂ ಮುನ್ನ ವಾಲ್ಮೀಕಿಗಳು ಅರಣ್ಯಕಾಂಡದಲ್ಲಿ ಒಂದು ಶಾಂತವಾದ ಸನ್ನಿವೇಶವನ್ನು ಚಿತ್ರಿಸಿದ್ದಾರೆ. ಅದು ಒಂದು ಮನೆ ಕಟ್ಟಿದ ಕಥೆ.

ಶ್ರೀರಾಮನು ನದಿಗೆ ಸಮೀಪದಲ್ಲಿ ಹೂಬಿಟ್ಟ ಮರಗಳಿರುವ ಸಮತಟ್ಟಾದ ಎಡೆಯನ್ನು ತೋರಿಸುತ್ತಾನೆ. ಲಕ್ಷ್ಮಣನು ಮಣ್ಣನ್ನು ಗಟ್ಟಿಸಿ, ಗಟ್ಟಿಯಾದ ಕಂಬಗಳನ್ನು ನೆಟ್ಟು, ಉದ್ದನೆಯ ಬಿದಿರನ್ನು ಜಂತೆಯಾಗಿ ಹಾಯಿಸಿ, ಅದರ ಮೇಲೆ ಶಮೀವೃಕ್ಷದ ಕೊಂಬೆಗಳನ್ನು ಹರಡಿ, ಹಗ್ಗಗಳಿಂದ ಬಿಗಿದು, ದರ್ಭೆ ಜೊಂಡುಗಳಿಂದಲೂ ಎಲೆಗಳಿಂದಲೂ ಹೊದಿಸುತ್ತಾನೆ. ಶಮಿಯೆಂದರೆ ದಸರೆಯಂದು ನಾವು ಪರಸ್ಪರ ಹಂಚಿಕೊಳ್ಳುವ ಬನ್ನಿಯೇ ಅಲ್ಲವೆ? ಪಾಂಡವರ ಕಥೆಯಲ್ಲಿ ಆಯುಧಗಳನ್ನು ಕಾಯ್ದಿರಿಸಿದ ಮರವು ಇಲ್ಲಿ ರಾಮಸೀತೆಯರ ತಲೆಯ ಮೇಲಿನ ಮಾಡಾಗಿ ನಿಂತಿತು. ಕೆಲಸ ಮುಗಿದ ಮೇಲೆ ಲಕ್ಷ್ಮಣನು ಗೋದಾವರಿಯಲ್ಲಿ ಮಿಂದು, ತಾವರೆಗಳನ್ನು ತಂದು, ಹೂವಿನ ಬಲಿಯನ್ನರ್ಪಿಸಿ, ಶಾಂತಿಕರ್ಮವನ್ನು ಮಾಡಿ, ಆಮೇಲೆ ಅಣ್ಣನಿಗೆ ಮನೆಯನ್ನು ತೋರಿಸುತ್ತಾನೆ.

ಆಗ ರಾಮನು ಮಾಡಿದ್ದೇನು? ಅವನು ತಮ್ಮನನ್ನು ಗಾಢವಾಗಿ ಆಲಿಂಗಿಸಿಕೊಂಡು, ಈ ಮಹತ್ಕಾರ್ಯಕ್ಕೆ ಬಹುಮಾನವಾಗಿ ಕೊಡಲು ತನ್ನಲ್ಲಿರುವುದು ಈ ಆಲಿಂಗನವೊಂದೇ ಎನ್ನುತ್ತಾನೆ. ಅನಂತರ ಅವನು ಹೊಗಳುವುದು ಲಕ್ಷ್ಮಣನ ತೋಳ್ಬಲವನ್ನಲ್ಲ. ಮನದ ಭಾವವನ್ನು ಅರಿತವನು, ಮಾಡಿದ ಉಪಕಾರವನ್ನು ಅರಿತವನು, ಧರ್ಮವನ್ನು ಅರಿತವನು ಎಂದು ಮೂರು ಬಗೆಯ ಅರಿವಿನಿಂದ ಅವನನ್ನು ಗುರುತಿಸುತ್ತಾನೆ. ಇಂಥವನಿರುವಾಗ ತಂದೆ ಗತಿಸಿದಂತೆಯೇ ಇಲ್ಲವೆಂದು ನುಡಿಯುತ್ತಾನೆ. ಮಣ್ಣು ಮೆತ್ತಿದ ಕೈಗಳ ಕೆಲಸವನ್ನು ನೋಡಿ ಅದರಲ್ಲಿ ಜ್ಞಾನವನ್ನು ಕಂಡನು ರಾಮ. ಕಂಬವನ್ನು ಎಲ್ಲಿ ನೆಡಬೇಕು, ಗಾಳಿ ಎತ್ತಣಿಂದ ಬೀಸುತ್ತದೆ, ಒಳಗೆ ವಾಸಿಸುವವರಿಗೆ ಏನು ಹಿತ ಎಂಬುದನ್ನು ಯೋಚಿಸದ ಕೈ ಮನೆಯನ್ನು ಕಟ್ಟಲಾರದೆಂಬುದು ಅವನಿಗೆ ತಿಳಿದಿತ್ತು.

ಪಂಚವಟಿಯಿಂದ ಹೊರಟು ಇಂದಿನ ಛತ್ರಪತಿ ಸಂಭಾಜಿನಗರದ ಸಮೀಪದ ಎಲ್ಲೋರಕ್ಕೆ ಬಂದರೆ, ಇದೇ ಸತ್ಯವು ಕಲ್ಲಿನಲ್ಲಿ ಕಾಣಿಸುತ್ತದೆ. ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನ ಕಾಲದಲ್ಲಿ, ಎಂಟನೆಯ ಶತಮಾನದಲ್ಲಿ, ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕೊರೆಯುತ್ತ ರೂಪಿಸಿದ ಕೈಲಾಸ ದೇವಾಲಯವು ಲೋಕಪ್ರಸಿದ್ಧ. ಅದೇ ವಂಶದ ಕರ್ಕನ ಬಡೋದೆಯ ತಾಮ್ರಶಾಸನವು ಈ ದೇವಾಲಯವನ್ನು ವರ್ಣಿಸುವಾಗ, ದೇವತೆಗಳು ಬೆರಗಾದುದನ್ನು ಹೇಳಿ ಅಷ್ಟಕ್ಕೇ ನಿಲ್ಲದೆ, ಅದನ್ನು ನಿರ್ಮಿಸಿದ ಶಿಲ್ಪಿಯೇ ಇದನ್ನು ತಾನು ಹೇಗೆ ಮಾಡಿದೆನೆಂದು ವಿಸ್ಮಯಗೊಂಡನೆಂದು ಹೇಳುತ್ತದೆ. ಶಾಸನವು ಅವನ ಹೆಸರನ್ನು ಉಳಿಸಲಿಲ್ಲ. ಅವನ ಪ್ರಶ್ನೆಯನ್ನು ಉಳಿಸಿತು. ತನ್ನ ಕೈಯೇ ಮಾಡಿದುದರ ಮುಂದೆ ನಿಂತು "ಹೇಗೆ?" ಎಂದು ಕೇಳಿದವನು ಜಿಜ್ಞಾಸುವಲ್ಲದೆ ಮತ್ತೇನು?

ಕನ್ನಡದ ಆದ್ಯಗ್ರಂಥವೂ ಈ ಮಾತಿಗೆ ಪುಷ್ಟಿಯನ್ನು ನೀಡುತ್ತದೆ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ 'ಕವಿರಾಜಮಾರ್ಗ'ವು ಕನ್ನಡನಾಡಿನ ಉತ್ತರದ ಎಲ್ಲೆಯನ್ನು ಗೋದಾವರಿಯೆಂದು ಗುರುತಿಸಿರುವುದನ್ನು ಸಂಘದ ಸಭೆಗಳಲ್ಲಿ ಹೆಮ್ಮೆಯಿಂದ ನೆನೆಯುತ್ತೇವೆ. ಆದರೆ ಎಲ್ಲೆಯನ್ನು ನೆನೆಯುವವರು ಆ ಎಲ್ಲೆಯೊಳಗಿನ ಜನರನ್ನು ಕುರಿತು ಗ್ರಂಥಕಾರನು ಹೇಳಿದುದನ್ನು ಅಷ್ಟಾಗಿ ಲಕ್ಷಿಸುವುದಿಲ್ಲ. ಆ ಜನರು ವಿಧಿವತ್ತಾಗಿ ಓದದಿದ್ದರೂ ಕಾವ್ಯಪ್ರಯೋಗದಲ್ಲಿ ಪರಿಣತಿಯುಳ್ಳವರು, ಅರಿತು ನುಡಿಯಬಲ್ಲವರು, ನುಡಿದುದನ್ನು ಅರಿತು ವಿಚಾರಿಸಬಲ್ಲವರು ಎಂಬುದು ಅವನ ಅಭಿಪ್ರಾಯ. ರಾಜಾಸ್ಥಾನದ ವಿದ್ವಾಂಸನೊಬ್ಬನು ತನ್ನ ಲಕ್ಷಣಗ್ರಂಥದ ಆರಂಭದಲ್ಲಿಯೇ ಓದದವರ ಬುದ್ಧಿಗೆ ಗೌರವ ಸಲ್ಲಿಸಿದನೆಂಬುದು ಸಾಮಾನ್ಯ ಸಂಗತಿಯಲ್ಲ. ನಾಡಿನ ಹಿರಿಮೆಯನ್ನು ಅವನು ವಿಸ್ತಾರದಿಂದ ಅಳೆದಂತೆಯೇ ಜನರ ವಿಚಾರಶಕ್ತಿಯಿಂದಲೂ ಅಳೆದನು.

ಇಂದಿನ ನಾಸಿಕದ ಸಾತಪುರ ಅಥವಾ ಅಂಬಡದ ಕೈಗಾರಿಕಾ ವಸಾಹತಿನಲ್ಲಿ ಲೇಥ್ ಯಂತ್ರದ ಮುಂದೆ ನಿಂತು ಪಾಳಿಯ ಕೆಲಸ ಮಾಡುವ ಕನ್ನಡಿಗನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ವಾರದ ರಜೆಯಂದು ಅವನು ಪತ್ನಿ ಮಕ್ಕಳೊಡನೆ ರಾಮಕುಂಡಕ್ಕೆ ಹೋಗುತ್ತಾನೆ. ತ್ರ್ಯಂಬಕದ ಬ್ರಹ್ಮಗಿರಿಯಲ್ಲಿ ಹುಟ್ಟುವ ಗೋದಾವರಿಯನ್ನು ಇಲ್ಲಿಯ ಜನ ಗಂಗೆಯೆಂದೇ ಏಕೆ ಕರೆಯುವರು? ನಾವು ಬನ್ನಿಯ ಎಲೆಯನ್ನು ಕೊಟ್ಟರೆ ನೆರೆಯ ಮರಾಠಿಗರು ಆಪ್ಟೆಯ ಎಲೆಯನ್ನು ಕೊಡುವರಲ್ಲ, ಬಂಗಾರವೆಂಬ ಭಾವನೆ ಎರಡಕ್ಕೂ ಹೇಗೆ ಬಂದಿತು? ಕಪಾಲೇಶ್ವರನ ಗುಡಿಯಲ್ಲಿ ಶಿವನ ಮುಂದೆ ನಂದಿ ಏಕಿಲ್ಲ? ಇಂಥ ಪ್ರಶ್ನೆಗಳು ಅವನಿಗೆ ತೋರುತ್ತವೆ. ಮೂರನೆಯದಕ್ಕೆ ಸ್ಥಳಪುರಾಣವೇ ಉತ್ತರವನ್ನು ಕೊಡುತ್ತದೆ: ಪಾಪವಿಮೋಚನೆಯ ದಾರಿಯನ್ನು ಶಿವನು ನಂದಿಯಿಂದ ತಿಳಿದು ಗೋದಾವರಿಯಲ್ಲಿ ಮಿಂದನಂತೆ, ಉಪದೇಶಿಸಿದ ನಂದಿಯನ್ನು ಗುರುವೆಂದು ಮನ್ನಿಸಿ ತನ್ನೆದುರು ಕುಳ್ಳಿರಬಾರದೆಂದನಂತೆ. ನೊಗಕ್ಕೆ ಹೂಡುವ ಎತ್ತಿನ ಕುಲವನ್ನು ಗುರುವಾಗಿ ಸ್ವೀಕರಿಸಿದ ದೇವರ ಗುಡಿಯಿಂದ ಹೊರಬರುವ ಶ್ರಮಿಕನಿಗೆ ತನ್ನ ಪ್ರಶ್ನೆಯ ವಿಷಯದಲ್ಲಿ ನಾಚಿಕೆ ಏಕಿರಬೇಕು? ಆದರೂ ಅವನು ನಾಚುತ್ತಾನೆ. ಇದನ್ನೆಲ್ಲ ಕೇಳಲು ನೀನಾರು ಎಂಬ ಮಾತನ್ನು ಅವನು ಒಮ್ಮೆಯಾದರೂ ಕೇಳಿರುತ್ತಾನೆ.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. ಮನಸ್ಸು ಪ್ರಶ್ನೆಗಳ ಬೆನ್ನು ಹತ್ತಿದರೆ ಕೆಲಸ ಕೆಡುವುದಿಲ್ಲವೆ? ತಿರುಗುವ ಯಂತ್ರದ ಮುಂದೆ ಅನ್ಯಮನಸ್ಕನಾದರೆ ಕೈಗೇ ಅಪಾಯವಲ್ಲವೆ? ಈ ಆಕ್ಷೇಪವನ್ನು ಹನ್ನೆರಡನೆಯ ಶತಮಾನದ ಶರಣರು ಅರಿಯದವರಾಗಿರಲಿಲ್ಲ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಕಾಯಕವಾಗಿದ್ದ ಆಯ್ದಕ್ಕಿ ಮಾರಯ್ಯನು ಅನುಭಾವದ ಮಾತುಕತೆಯಲ್ಲಿ ಮೈಮರೆತಾಗ, ಕಾಯಕ ನಿಂತಿತೆಂದು ಎಚ್ಚರಿಸಿ ಕಳುಹಿದವಳು ಅವನ ಸತಿ ಲಕ್ಕಮ್ಮ. ಅವನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಈಸಕ್ಕಿಯ ಆಸೆ ನಮಗೇಕೆಂದು ಹಿಂದಕ್ಕೆ ಕಳುಹಿದವಳೂ ಅವಳೇ. ಹೀಗೆ ಎಚ್ಚರಿಸಿದವಳು ವಿಚಾರವನ್ನು ಬಲ್ಲದ ಹೆಂಗಸಲ್ಲ, ಸ್ವತಃ ವಚನಕಾರ್ತಿ. ಕಾಯಕವನ್ನು ಮರೆಸುವ ಮಾತು ಬೇಡವೆಂದಳೇ ಹೊರತು ಕಾಯಕದವನಿಗೆ ಮಾತೇ ಬೇಡವೆಂದು ಅವಳು ಹೇಳಲಿಲ್ಲ. ದೋಣಿ ನಡೆಸಿದ ಚೌಡಯ್ಯ, ಹಗ್ಗ ಹೊಸೆದ ಚಂದಯ್ಯ ಇವರೂ ವಿಚಾರಕ್ಕಾಗಿ ವೃತ್ತಿಯನ್ನು ಬಿಟ್ಟವರಲ್ಲ. ದುಡಿಮೆಯೇ ಅವರ ಮಾತಿಗೆ ಉಪಮೆಗಳನ್ನೂ ದಿಟ್ಟತನವನ್ನೂ ಒದಗಿಸಿತು. ಕೆಲಸದಲ್ಲಿ ಏಕಾಗ್ರತೆ ಬೇಕೆಂಬುದು ನಿಜ. ಆ ಹೆಸರಿನಲ್ಲಿ ದುಡಿಯುವವನ ಬಿಡುವಿನ ವೇಳೆಯ ಮನಸ್ಸನ್ನೂ ಕಟ್ಟಿಹಾಕುವುದು ಅನ್ಯಾಯ.

ಈ ಅನ್ಯಾಯವು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಪಂಚವಟಿಯೇ ಸಾಕ್ಷಿ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಸರದಾರ ರಂಗರಾವ್ ಓಢೇಕರರು ಕಟ್ಟಿಸಿದ ಕಾಳಾರಾಮ ಮಂದಿರವು ಕರಿಕಲ್ಲಿನ ಭವ್ಯವಾದ ರಚನೆ. ಕಲ್ಲನ್ನು ಒಡೆದು, ಹೊತ್ತು, ನಿಲ್ಲಿಸಿದ ಶ್ರಮಿಕರ ಬೆವರಿಲ್ಲದೆ ಯಾವ ಗುಡಿಯೂ ಎದ್ದುದಿಲ್ಲ. ಆದರೂ ಶ್ರಮಿಕರಲ್ಲಿ ಒಂದು ದೊಡ್ಡ ಸಮುದಾಯಕ್ಕೆ ಆ ಬಾಗಿಲು ಮುಚ್ಚಿತ್ತು. ೧೯೩೦ರ ಮಾರ್ಚ್ ೨ರಂದು ಡಾ. ಬಿ. ಆರ್. ಅಂಬೇಡ್ಕರರ ನೇತೃತ್ವದಲ್ಲಿ ಸಾವಿರಾರು ಜನ ಅಸ್ಪೃಶ್ಯರೆನಿಸಿಕೊಂಡವರು ಅಲ್ಲಿ ಸತ್ಯಾಗ್ರಹವನ್ನು ಆರಂಭಿಸಿದರು. ಸ್ಥಳೀಯ ನಾಯಕರಾದ ದಾದಾಸಾಹೇಬ ಗಾಯಕ್ವಾಡರು ಅದನ್ನು ವರ್ಷಗಟ್ಟಲೆ ನಡೆಸಿದರು. ತಮ್ಮನ ಕೈಕೆಲಸಕ್ಕೆ ಆಲಿಂಗನವನ್ನು ಕೊಟ್ಟ ರಾಮನ ಬೀಡಿನಲ್ಲಿ, ದುಡಿಯುವವರಿಗೆ ಅವನ ದರ್ಶನವೂ ದೊರೆಯಲಿಲ್ಲ. ೧೯೩೫ರ ಅಕ್ಟೋಬರ್ ೧೩ರಂದು ಇದೇ ಜಿಲ್ಲೆಯ ಯೇವಲೆಯಲ್ಲಿ ಅಂಬೇಡ್ಕರರು, ತಾವು ಹಿಂದುವಾಗಿ ಹುಟ್ಟಿದ್ದರೂ ಹಿಂದುವಾಗಿ ಸಾಯುವುದಿಲ್ಲವೆಂದು ಘೋಷಿಸಿದರು. ೧೯೪೭ರಲ್ಲಿ ಮುಂಬಯಿ ಪ್ರಾಂತದ ಶಾಸನವು ದೇವಾಲಯಗಳನ್ನು ಎಲ್ಲರಿಗೂ ತೆರೆಯುವಷ್ಟರಲ್ಲಿ ಬಹಳ ತಡವಾಗಿತ್ತು. ೧೯೫೬ರ ಅಕ್ಟೋಬರ್ ೧೪ರಂದು, ಆ ವರ್ಷದ ವಿಜಯದಶಮಿಯ ದಿನ, ಅವರು ನಾಗಪುರದಲ್ಲಿ ಲಕ್ಷಾಂತರ ಅನುಯಾಯಿಗಳೊಡನೆ ಬೌದ್ಧಧರ್ಮವನ್ನು ಸ್ವೀಕರಿಸಿದರು. ದಸರೆಯನ್ನು ಆಚರಿಸುವ ಆಸ್ತಿಕರು ಈ ಸಂಗತಿಯನ್ನು ಮರೆಯಬಾರದು. ಬಾಗಿಲ ಹೊರಗೆ ನಿಂತವರನ್ನು ಒಳಗಿದ್ದವರು ಆಲಿಸದೆ ಹೋದುದರ ಫಲವದು.

ಆ ಸತ್ಯಾಗ್ರಹದ ಅಂತರಂಗವೂ ಚಿಂತನೀಯ. ೧೯೩೪ರಲ್ಲಿ ಗಾಯಕ್ವಾಡರಿಗೆ ಬರೆದ ಪತ್ರದಲ್ಲಿ ಅಂಬೇಡ್ಕರರು, ಜನರನ್ನು ಮೂರ್ತಿಪೂಜಕರನ್ನಾಗಿ ಮಾಡಲು ತಾವು ಈ ಚಳವಳಿಯನ್ನು ಹೂಡಲಿಲ್ಲ, ಅವರಲ್ಲಿ ಚೈತನ್ಯವನ್ನು ತುಂಬಿ ತಮ್ಮ ಸ್ಥಿತಿಯನ್ನು ಅರಿಯುವಂತೆ ಮಾಡಲು ಹೂಡಿದೆವೆಂದೂ, ಇನ್ನು ಶಿಕ್ಷಣ ಮತ್ತು ರಾಜಕಾರಣದ ಕಡೆಗೆ ಶಕ್ತಿಯನ್ನು ತಿರುಗಿಸಬೇಕೆಂದೂ ತಿಳಿಸಿದರು. ಗುಡಿಯ ಬಾಗಿಲಿನ ಹಿಂದೆ ವಿದ್ಯೆಯ ಬಾಗಿಲೂ ಇತ್ತೆಂಬುದನ್ನು ಅವರು ಕಂಡಿದ್ದರು.

ಆ ಬಾಗಿಲನ್ನು ತೆರೆಯಲು ಶ್ರಮಿಸಿದವರು ಈ ನಾಡಿನಲ್ಲಿ ಅನೇಕರು. ೧೮೫೫ರಲ್ಲಿಯೇ ಜೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ ದಂಪತಿಗಳು ಪುಣೆಯಲ್ಲಿ ದುಡಿಯುವವರಿಗಾಗಿ ರಾತ್ರಿಶಾಲೆಯನ್ನು ತೆರೆದರು. ಮುಂಬಯಿಯ ಕನ್ನಡಿಗರ ಚರಿತ್ರೆಯಲ್ಲಿ ರಾತ್ರಿಶಾಲೆಗಳದು ಒಂದು ಉಜ್ವಲ ಅಧ್ಯಾಯ. ೧೯೦೨ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯೂ ಬಿಲ್ಲವರ ಎಸೋಸಿಯೇಶನ್ ಮೊದಲಾದ ಸಂಸ್ಥೆಗಳೂ ನಡೆಸಿದ ರಾತ್ರಿಶಾಲೆಗಳಲ್ಲಿ, ಹಗಲು ಹೋಟೆಲುಗಳಲ್ಲಿ ತಟ್ಟೆ ಲೋಟಗಳನ್ನು ತೊಳೆದ ಹುಡುಗರು ಇರುಳು ಹಲಗೆ ಬಳಪ ಹಿಡಿದರು. ಕಣ್ಣು ಮುಚ್ಚಿ ಬರುತ್ತಿದ್ದರೂ ಬೆಂಚಿನ ಮೇಲೆ ಕುಳಿತ ಆ ಹುಡುಗರಿಂದ ಮಹಾನಗರದ ಕನ್ನಡ ಉಳಿಯಿತು ಎಂದರೆ ಅತಿಶಯೋಕ್ತಿಯಲ್ಲ. ನಾಸಿಕದಲ್ಲಿಯೇ ೧೯೮೯ರಲ್ಲಿ ಯಶವಂತರಾವ್ ಚವ್ಹಾಣ ಮಹಾರಾಷ್ಟ್ರ ಮುಕ್ತ ವಿಶ್ವವಿದ್ಯಾಲಯವು ಸ್ಥಾಪಿತವಾಗಿ, ಕೆಲಸ ಬಿಡಲಾಗದವರಿಗೂ ಉಚ್ಚ ಶಿಕ್ಷಣದ ದಾರಿ ತೆರೆಯಿತು.

ಆದರೆ ಶಾಲೆಯೊಂದರಿಂದಲೇ ಈ ಋಣ ತೀರುವುದಿಲ್ಲ. ಇಂದು ಕಲಬುರಗಿ, ಬೀದರ, ವಿಜಯಪುರಗಳ ಕಡೆಯಿಂದ ಮುಂಬಯಿ ಪುಣೆಗಳಿಗೆ ಬಂದು ಎತ್ತರದ ಕಟ್ಟಡಗಳಿಗೆ ಇಟ್ಟಿಗೆ ಹೊರುವ ಕನ್ನಡಿಗರಿದ್ದಾರೆ. ಅವರು ಕಟ್ಟಿದ ಮನೆಗಳಲ್ಲಿ ವಾಸಿಸುವ ಕನ್ನಡಿಗರೂ ಇದ್ದಾರೆ. ಸಂಘದ ಸಭಾಗೃಹದಲ್ಲಿ ದಸರೆಯ ಉಪನ್ಯಾಸ ನಡೆಯುವಾಗ ಕುರ್ಚಿಗಳನ್ನು ಜೋಡಿಸಿದವನು ಬಾಗಿಲ ಬಳಿ ನಿಂತು ಕೇಳಿ, ಎಲ್ಲರೂ ಹೋದ ಮೇಲೆ ಕುರ್ಚಿಗಳನ್ನು ಮಡಿಸುತ್ತಾನೆ. ಅವನಿಗೂ ಒಂದು ಸಂದೇಹ ಹುಟ್ಟಿರಬಹುದು. ಅದನ್ನು ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ. ಹಬ್ಬದಂದು ಅವನ ಕೈಗೆ ಉಡುಗೊರೆಯನ್ನು ಕೊಡುವುದು ಸೌಜನ್ಯ. ಅವನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು, ಉಪನ್ಯಾಸದ ಬಗೆಗೆ ಅವನಿಗೇನು ತೋರಿತೆಂದು ವಿಚಾರಿಸುವುದು ಧರ್ಮ. ಹೀಗೆ ವಿಚಾರಿಸುವವನಿಗೂ ಲಾಭವುಂಟು. ಪುಸ್ತಕದಿಂದ ಮಾತ್ರ ಕಲಿತವನು ತಾನು ಎಂದೂ ಮುಟ್ಟದ ಲೋಕವೊಂದನ್ನು ಆ ಉತ್ತರದಿಂದ ಅರಿಯುತ್ತಾನೆ.

ಪರ್ಣಶಾಲೆ ಎಂದೋ ಮಣ್ಣಾಯಿತು. ಅದರ ಬನ್ನಿಯ ಕೊಂಬೆಗಳೂ ಉಳಿದಿಲ್ಲ. ಕಟ್ಟಿದವನ ಅರಿವನ್ನು ಮನಗಂಡ ರಾಮನ ಮಾತು ಮಾತ್ರ ಉಳಿದು ಬಂದಿದೆ. ವಿದ್ಯಾಧಿದೇವತೆಯಾದ ಶಾರದೆಯು ಓದುವವರ ಕಣ್ಣುಗಳಲ್ಲಿ ನೆಲಸಿರುವಂತೆಯೇ, ದುಡಿಯುವವರ ಬೆರಳುಗಳಲ್ಲಿಯೂ ಅವರ ತುಟಿಯವರೆಗೆ ಬಂದು ನಿಂತ ಪ್ರಶ್ನೆಯಲ್ಲಿಯೂ ನೆಲಸಿರುವಳು. ಈ ವಿಜಯದಶಮಿಯಂದು ಬನ್ನಿಯನ್ನು ಕೊಟ್ಟು ಕೈಮುಗಿಯುವಾಗ ಆ ಪ್ರಶ್ನೆಗೆ ಕಿವಿಗೊಡುವ ವಿನಯವನ್ನು ಜಗನ್ಮಾತೆಯು ಸಕಲರಿಗೂ ಕರುಣಿಸಲಿ.